ಅರ್ಧ ಇಂಚಿನ ಬಿಲ್ಲೆಗಳು

ರಸಮಟ್ಟಜ್ಜನಿಗೆ ತಿಗಣೆಯ ಭಯ ಎಂದು ಇದನ್ನು ಬರೆಯುತ್ತಿರುವವನು ಬಹುಕಾಲ ನಂಬಿದ್ದ. ಯಾರ ಮನೆಗೆ ಹೋದರೂ, ಕ್ಷೌರದಂಗಡಿಗೆ ಹೋದರೂ, ಪತ್ರಿಕೆ ಓದುವ ಕೊಠಡಿಗೆ ಹೋದರೂ ‘ಕೂತ್ಕೊಳ್ಳಿ ಅಜ್ಜ’ ಎಂದ ತಕ್ಷಣ ಆತ ಕೂತದ್ದಿಲ್ಲ. ಮೊದಲು ಕುರ್ಚಿಯನ್ನು ಕೋಳಿಯ ಹಾಗೆ ತಲೆಕೆಳಗು ಹಿಡಿದು, ನಾಲ್ಕು ಕಾಲುಗಳ ತುದಿಯನ್ನೂ ಒಂದೊಂದಾಗಿ ಹೆಬ್ಬೆರಳಿನಿಂದ ಸವರಿ, ಕೂರುವ ಹಲಗೆಯ ಅಡಿಗೆ ಇಣುಕಿ, ‘ಹೂಂ’ ಎಂದು ಕೆಳಗಿಟ್ಟು, ಆಮೇಲೆ ಕೂರುತ್ತಿದ್ದ. ಬರೆಯುವವನ ಮನೆಯಲ್ಲಿ ಹೀಗೆ ಮಾಡಿದ ದಿನ ಮನೆಯಾಕೆ ಒಳಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದಳು. ಮರುದಿನ ಮನೆಯ ಕುರ್ಚಿಗಳೆಲ್ಲ ಬಿಸಿಲಿಗೆ ಬಂದವು. ಒಂದು ತಿಗಣೆಯೂ ಸಿಗಲಿಲ್ಲ, ಅವಮಾನವೊಂದೇ ಸಿಕ್ಕಿದ್ದು.

ಅಜ್ಜ ಹುಡುಕುತ್ತಿದ್ದದ್ದು ತಿಗಣೆಯನ್ನಲ್ಲ, ತನ್ನದೇ ಕೈಕೆಲಸವನ್ನು ಎಂದು ತಿಳಿಯಲು ಲೋಕಶಾಂತಿ ಸಭೆಯ ಐವತ್ತನೆಯ ವರ್ಷ ಬರಬೇಕಾಯಿತು.

ಆತನ ಅಂಗಿಯ ಜೇಬಿನಲ್ಲಿ ಸದಾ ಒಂದು ರಸಮಟ್ಟ ಇರುತ್ತಿತ್ತು. ಗೇಣುದ್ದದ ಮರದ ಪಟ್ಟಿ, ಅದರೊಳಗೆ ಗಾಜಿನ ಕೊಳವೆ, ಕೊಳವೆಯೊಳಗಿನ ದ್ರವದಲ್ಲಿ ತೇಲುವ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಕೆಳಗಿರುವುದು ಸಮ, ಆಚೀಚೆ ಜಾರಿದರೆ ಅಲ್ಲ. ಮರದ ಹಲಗೆಯ ಬಗ್ಗೆ ಅದು ಎಂದೂ ಸುಳ್ಳು ಹೇಳುವುದಿಲ್ಲ. ಬಡಗಿಯ ಬಗ್ಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಆತನ ಫಜೀತಿ ಇದ್ದದ್ದೇ ಅಲ್ಲಿ.

ದೊಡ್ಡ ಯುದ್ಧ ಮುಗಿದಾಗ ಆತನಿಗೆ ಇಪ್ಪತ್ತೆಂಟು ವರ್ಷ. ಯುದ್ಧದುದ್ದಕ್ಕೂ ಆತನ ಕಾರ್ಖಾನೆಯಲ್ಲಿ ತಯಾರಾದ ಸಾಮಾನು ಎರಡೇ ಬಗೆಯದು. ಹಿಂದಿರುಗಿ ಬಂದವರಿಗೆ ಊರುಗೋಲು, ಹಿಂದಿರುಗಿಸಲ್ಪಟ್ಟವರಿಗೆ ಪೆಟ್ಟಿಗೆ. ಇಷ್ಟೆಲ್ಲ ಪೆಟ್ಟಿಗೆ ಮಾಡಿದವನ ಒಬ್ಬನೇ ತಮ್ಮನಿಗೆ ಒಂದು ಪೆಟ್ಟಿಗೆಯೂ ಬೇಕಾಗಲಿಲ್ಲ. ಒಳಗೆ ಇಡಲು ಏನೂ ಬರಲಿಲ್ಲ. ಒಂದು ಕಾಗದ ಬಂತು, ಅಷ್ಟೆ. ಅದನ್ನು ಮಡಚಿ ಆತ ಉಳಿಗಳ ಡಬ್ಬಿಯಲ್ಲಿಟ್ಟ. ಆ ಡಬ್ಬಿಯನ್ನು ತೆಗೆಯುವಾಗೆಲ್ಲ ಕಾಗದ ಕಣ್ಣಿಗೆ ಬೀಳುತ್ತಿತ್ತು, ಡಬ್ಬಿಯನ್ನು ದಿನಕ್ಕೆ ಹತ್ತು ಸಲ ತೆಗೆಯಬೇಕಾಗುತ್ತಿತ್ತು.

ಇನ್ನು ಮುಂದೆ ಹೀಗಾಗಬಾರದು ಎಂದು ನಲವತ್ತಾರು ದೇಶಗಳು ಸೇರಿ ಲೋಕಶಾಂತಿ ಸಭೆ ಕಟ್ಟಿದವು. ಅದು ಈ ಊರಲ್ಲೇ ಏಕೆ ಸೇರಿತು ಎಂದು ಊರಿನವರನ್ನು ಕೇಳಿದರೆ, ನಮ್ಮ ಜನ ಸ್ವಭಾವತಃ ಶಾಂತಿಪ್ರಿಯರು ಎನ್ನುತ್ತಾರೆ. ನಿಜವಾದ ಕಾರಣವೆಂದರೆ ಸುತ್ತಲಿನ ಊರುಗಳಲ್ಲೆಲ್ಲ ಚಾವಣಿ ಉಳಿದಿದ್ದ ದೊಡ್ಡ ಕಟ್ಟಡ ನಮ್ಮ ನಗರಸಭೆಯದೊಂದೇ. ಅದರೊಳಗೆ ಕುರ್ಚಿಗಳಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಊರಿನವರು ಅವನ್ನೆಲ್ಲ ಒಲೆಗೆ ಹಾಕಿಕೊಂಡಿದ್ದರು.

ಹಾಗಾಗಿ ನಲವತ್ತಾರು ಕುರ್ಚಿಗಳನ್ನು ಮಾಡುವ ಕೆಲಸ ಈ ಬಡಗಿಗೆ ಬಂತು. ನಗರಸಭೆಯ ಮೆಟ್ಟಿಲ ಕೆಳಗೆ ಆತನಿಗೊಂದು ಉದ್ದನೆಯ ಕೋಣೆ ಕೊಟ್ಟರು. ಅದರ ಬಾಗಿಲಿಗೆ ಸಭೆಯ ಒಡಂಬಡಿಕೆಯ ಮೊದಲ ಪುಟವನ್ನು ಯಾರೋ ಅಂಟಿಸಿಹೋಗಿದ್ದರು: ‘ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದೆ ಎಲ್ಲ ದೇಶಗಳೂ ಸಮಾನವಾಗಿ ಕುಳಿತು, ಆಯುಧದಿಂದ ತೀರಿಸಿಕೊಳ್ಳುತ್ತಿದ್ದುದನ್ನು ಮಾತಿನಿಂದ ತೀರಿಸಿಕೊಳ್ಳತಕ್ಕದ್ದು.’ ಓದಿದವರೆಲ್ಲ ‘ಮಾತಿನಿಂದ’ ಎನ್ನುವಲ್ಲಿ ಕಣ್ಣೊರೆಸಿಕೊಂಡರು. ಬಡಗಿ ನಿಂತದ್ದು ‘ಸಮಾನವಾಗಿ ಕುಳಿತು’ ಎನ್ನುವಲ್ಲಿ. ಮಾತು ಬೇರೆಯವರ ಇಲಾಖೆ. ಕುಳಿತುಕೊಳ್ಳುವುದು ತನ್ನ ಇಲಾಖೆ.

ಆತ ಒಂದು ಅಳತೆಕೋಲು ಕೊರೆದುಕೊಂಡ. ಅದರಲ್ಲಿ ಇದ್ದದ್ದು ಹದಿನೆಂಟು ಇಂಚಿಗೆ ಒಂದೇ ಒಂದು ಗೀರು. ಎರಡು ಗೀರಿದ್ದರೆ ಜನ ವಾದ ಮಾಡುತ್ತಾರೆ ಎಂಬುದು ಆತನ ಅನುಭವ. ಕೂರುವ ಹಲಗೆಗೆ ಮದ್ದುಗುಂಡು ತುಂಬಿ ಬಂದಿದ್ದ ಪೆಟ್ಟಿಗೆಗಳ ಮರ, ಕಾಲುಗಳಿಗೆ ಸುಟ್ಟ ರೈಲುಗಾಡಿಗಳ ಬೆಂಚಿನ ಮರ. ತೋಪಡ ಹೊಡೆದು ಎಷ್ಟು ನಯ ಮಾಡಿದರೂ ಹಲಗೆಯ ಅಡಿಯಲ್ಲಿ ‘ಎಚ್ಚರಿಕೆ, ಬೆಂಕಿಯಿಂದ ದೂರವಿಡಿ’ ಎಂಬ ಕಪ್ಪು ಅಕ್ಷರಗಳು ಉಳಿದೇ ಉಳಿದವು. ಅದರ ಮೇಲೆ ಕೂರುವವರಿಗೆ ಅದು ಕಾಣುವುದಿಲ್ಲವಲ್ಲ ಎಂದು ಆತ ಸುಮ್ಮನಾದ.

ಹೆಂಡತಿ ಆಸ್ಪತ್ರೆಯ ಹಳೆಯ ಹೊದಿಕೆಗಳಿಗೆ ಹಸಿರು ಬಣ್ಣ ಹಾಕಿ ಸಭಾಂಗಣದ ಮೇಜುಗಳಿಗೆ ಹೊಲಿಯುತ್ತಿದ್ದಳು. ಗಂಡ ಒಂದೇ ಕುರ್ಚಿಯ ಕಾಲನ್ನು ಬೆಳಗಿನಿಂದ ಮೂರನೆಯ ಸಲ ಉಜ್ಜುವುದನ್ನು ನೋಡಿ ಅವಳಿಗೆ ರೇಗಿತು.

“ರೀ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೆ ಯುದ್ಧ ಆಗ್ಬಿಡುತ್ತಾ?”

“ಆಗ್ಬೋದು.”

“ಹಾಗಾದ್ರೆ ನಮ್ಮನೆ ಮಂಚ ಒಂದ್ಸಲ ಅಳೀರಿ. ನಿಮ್ಮ ಕಡೆ ಎತ್ತರ, ನನ್ನ ಕಡೆ ಹಳ್ಳ. ಏಳು ವರ್ಷದಿಂದ ಯುದ್ಧ ಸಾರದೆ ಕೂತಿದೀನಿ.”

ಆತ ಮಂಚ ಅಳೆಯಲಿಲ್ಲ. ಲೋಕದ ಕೆಲಸದಲ್ಲಿರುವವರಿಗೆ ಮನೆಯ ಮಂಚದ ಕಡೆ ಗಮನ ಕೊಡಲು ಪುರಸೊತ್ತು ಎಲ್ಲಿ?

ಸಭೆ ಶುರುವಾದ ದಿನ ಬಡಗಿ ಹಿಂಬಾಗಿಲ ಸಂದಿನಲ್ಲಿ ನಿಂತು ನೋಡಿದ. ನಲವತ್ತಾರು ಜನ ಒಟ್ಟಿಗೆ ಕೂತರು. ನಲವತ್ತಾರು ಕುರ್ಚಿಗಳಲ್ಲಿ ಒಂದೂ ಕಿರುಗುಟ್ಟಲಿಲ್ಲ. ಆತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ತಮ್ಮನ ಕಾಗದ ಬಂದ ದಿನವೂ ಹಾಗೆ ಆಗಿರಲಿಲ್ಲ. ಇದಕ್ಕಾದರೂ ಏನೋ ಅರ್ಥ ಬಂತು ಎಂದುಕೊಂಡ.

ತೊಂದರೆ ಏನೆಂದರೆ, ಕುರ್ಚಿಗಳು ಸಮವಿದ್ದವು, ಕೂತವರು ಸಮವಿರಲಿಲ್ಲ. ಮೊದಲನೆಯ ಕುರ್ಚಿ ಬಹಳ ದೊಡ್ಡದೊಂದು ದೇಶದ ಪ್ರತಿನಿಧಿಯದು. ದೇಶ ಎಷ್ಟು ದೊಡ್ಡದೋ ಆ ಮನುಷ್ಯ ಅಷ್ಟು ಗಿಡ್ಡ. ಪಕ್ಕದ ಕುರ್ಚಿಯಲ್ಲಿ ಅಷ್ಟೇ ದೊಡ್ಡ ಇನ್ನೊಂದು ದೇಶದವನು, ತೆಂಗಿನಮರದಂಥವನು. ಮರುದಿನದ ಪತ್ರಿಕೆಯ ಚಿತ್ರದಲ್ಲಿ ಎರಡನೆಯವನ ಎದೆಯ ಪದಕಗಳ ಪಕ್ಕದಲ್ಲಿ ಮೊದಲನೆಯವನ ಮುಖ ಇತ್ತು. ಅದೂ ಒಂದು ಪದಕದ ಹಾಗೆ.

ಆ ಮಧ್ಯಾಹ್ನ ಗಿಡ್ಡ ಪ್ರತಿನಿಧಿಯ ಕಾರ್ಯದರ್ಶಿ ಮೆಟ್ಟಿಲ ಕೆಳಗಿನ ಕೋಣೆಗೆ ಬಂದ. ಬಂದವನು ಟೋಪಿ ತೆಗೆದ. ಬಡಗಿಯ ಮುಂದೆ ಅದುವರೆಗೆ ಯಾರೂ ಟೋಪಿ ತೆಗೆದಿರಲಿಲ್ಲ.

“ಸಭೆಯ ಆಸನಗಳನ್ನು ನಿರ್ಮಿಸಿದ ಮಹನೀಯರು ತಾವೇ ಅಲ್ಲವೇ?”

ಅದುವರೆಗೆ ‘ಏಯ್ ಬಡಗಿ’ ಎಂಬ ಕರೆಗಷ್ಟೇ ತಿರುಗಿದ್ದವನಿಗೆ ಇದಕ್ಕೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. “ಹೌದು, ನಾನೇ ಮಾಡಿದ್ದು.”

“ನಮ್ಮ ಯಜಮಾನರಿಗೆ ಬೆನ್ನುನೋವು. ಅರ್ಧ ಇಂಚು ಎತ್ತರಿಸಿದರೆ ವಾಸಿಯಾಗುತ್ತದೆ ಅಂತ ವೈದ್ಯರು ಹೇಳಿದ್ದಾರೆ. ಯಾರಿಗೂ ತಿಳಿಯುವುದು ಬೇಡ. ಅಂದ ಹಾಗೆ, ಇಷ್ಟು ದೊಡ್ಡ ಹೊಣೆ ಹೊತ್ತವರ ಬಾಗಿಲಿಗೆ ಒಂದು ಫಲಕ ಕೂಡ ಇಲ್ಲವಲ್ಲ, ಅನ್ಯಾಯ. ‘ಮುಖ್ಯ ಆಸನಾಧಿಕಾರಿ’ ಅಂತ ಹಿತ್ತಾಳೆಯಲ್ಲಿ ಕೊರೆಸಬಹುದು. ನಾನು ಹೇಳಿ ನೋಡುತ್ತೇನೆ.”

ಬೆನ್ನುನೋವಿಗೆ ಬೇಕಾದದ್ದು ಆಸರೆ, ಎತ್ತರವಲ್ಲ. ಐದು ವರ್ಷ ಊರುಗೋಲು ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು. ಆದರೂ ಆತ ಅರ್ಧ ಇಂಚು ದಪ್ಪದ ನಾಲ್ಕು ಬಿಲ್ಲೆಗಳನ್ನು ಕಪ್ಪು ಮರದಲ್ಲಿ ಕೊರೆದ. ಸಾಮಾನ್ಯ ಮರ ಸಾಕಿತ್ತು, ಕಪ್ಪು ಮರವೇ ಇರಲಿ ಎಂದುಕೊಂಡ, ಅಧಿಕಾರಿಗೆ ಶೋಭಿಸುವಂಥದ್ದು. ಸಭಾಂಗಣ ಖಾಲಿಯಿದ್ದ ಹೊತ್ತು ನೋಡಿ ಮೊದಲನೆಯ ಕುರ್ಚಿಯ ಕಾಲುಗಳಿಗೆ ಅಂಟಿಸಿ ಬಂದ. ಅಳತೆಕೋಲನ್ನು ಕೋಣೆಯಲ್ಲೇ ಬಿಟ್ಟು ಹೋಗಿದ್ದ. ಮರೆತು ಬಿಟ್ಟದ್ದಲ್ಲ.

ಮೂರನೆಯ ದಿನ ಫಲಕ ಬಂತು. ಒಡಂಬಡಿಕೆಯ ಪುಟ ಇದ್ದ ಜಾಗದಲ್ಲೇ ಅದನ್ನು ಹೊಡೆಯಬೇಕಾಯಿತು, ಬಾಗಿಲು ಚಿಕ್ಕದು. ಪುಟವನ್ನು ಒಳಗಿನ ಗೋಡೆಗೆ ವರ್ಗಾಯಿಸಿದ. ತೋಳಿನಿಂದ ಫಲಕ ಒರೆಸುತ್ತಿದ್ದಾಗ ಹೆಂಡತಿ ಊಟದ ಡಬ್ಬಿ ತಂದಳು. ಫಲಕ ಓದಿದಳು, ಗಂಡನ ಮುಖ ನೋಡಿದಳು.

“ಆಸನಾಧಿಕಾರಿಗಳು ಊಟ ಮಾಡ್ತಾರಾ, ಅರ್ಜಿ ಕೊಡ್ಬೇಕಾ?”

“ತಮಾಷೆ ಮಾಡ್ಬೇಡ. ಕೊಟ್ಟವರು ಸುಮ್ಮನೆ ಕೊಡ್ತಾರಾ?”

“ಅದನ್ನೇ ನಾನೂ ಕೇಳ್ತಿರೋದು.”

ಆತ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನನಾದ.

ತೆಂಗಿನಮರದಂಥ ಪ್ರತಿನಿಧಿ ದಡ್ಡನಾಗಿರಲಿಲ್ಲ. ನಿನ್ನೆಯವರೆಗೆ ತನ್ನ ಭುಜಕ್ಕಿದ್ದ ಪಕ್ಕದವನ ಕಿವಿ ಇಂದು ಅರ್ಧ ಇಂಚು ಮೇಲೆ ಬಂದದ್ದನ್ನು ಆತ ಮಧ್ಯಾಹ್ನದೊಳಗೆ ಗಮನಿಸಿದ. ಸಂಜೆಗೆ ಆತನ ಕಾರ್ಯದರ್ಶಿಯೂ ಬಂದು ಟೋಪಿ ತೆಗೆದ. ಅವರ ಯಜಮಾನರಿಗೂ ಬೆನ್ನುನೋವಂತೆ, ಆದರೆ ಮುಕ್ಕಾಲು ಇಂಚಿನದು. ಒಬ್ಬರಿಗೆ ಮಾಡಿಕೊಟ್ಟವನು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? ಒಂದೇ ವಾರದಲ್ಲಿ ಆ ಬೆನ್ನುನೋವು ಸಭಾಂಗಣದ ತುಂಬ ಅಂಟುಜಾಡ್ಯದ ಹಾಗೆ ಹಬ್ಬಿತು. ದ್ವೀಪದೇಶದವರಿಗೆ ಕುತ್ತಿಗೆ, ಮರುಭೂಮಿಯವರಿಗೆ ಮಂಡಿ, ರಾಜರಿದ್ದ ದೇಶದವರಿಗೆ ಪರಂಪರೆ. ಕುರ್ಚಿಗಳು ಏರಿದಂತೆ ಮೊಣಕಾಲುಗಳು ಮೇಜಿಗೆ ತಾಗಿದವು, ಮೇಜುಗಳನ್ನು ಏರಿಸಬೇಕಾಯಿತು. ಮೇಜುಗಳು ಏರಿದಾಗ ಸಭಾಪತಿಯ ವೇದಿಕೆ ಕೆಳಗಾದಂತೆ ಕಂಡು, ಅದು ಪೀಠಕ್ಕೆ ಮಾಡಿದ ಅಗೌರವ ಎಂದು ಸಭಾಪತಿ ಮುನಿಸಿಕೊಂಡರು. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ, ತಾಂತ್ರಿಕ ಕಾರಣಗಳಿಂದ ಸಭೆಯನ್ನು ಮೂರು ದಿನ ಮುಂದೂಡಲಾಗಿದೆ ಎಂದು ಚೀಟಿ ಅಂಟಿಸಿದರು. ಆಸನಗಳ ಎತ್ತರದ ಉಪಸಮಿತಿ ನೇಮಕವಾಯಿತು. ಅದು ನಿಂತುಕೊಂಡೇ ಚರ್ಚೆ ನಡೆಸಿತು. ಕುರ್ಚಿಗಳು ಬಡಗಿಯ ಕೋಣೆಯಲ್ಲಿದ್ದವು.

ಉಪಸಮಿತಿಯ ತೀರ್ಮಾನ: ಅರ್ಜಿ ಸಲ್ಲಿಸಿದ ಎಲ್ಲ ದೇಶಗಳಿಗೂ ಸಮಾನವಾಗಿ ಇಪ್ಪತ್ತು ಇಂಚು.

ಆ ಶುಕ್ರವಾರ ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ಒಬ್ಬ ಸಣ್ಣ ಮನುಷ್ಯ ನಿಂತಿದ್ದ. ಕೋಟಿನ ತೋಳಿನ ಅಂಚು ಸವೆದಿತ್ತು, ಸವೆದದ್ದು ಕಾಣದಿರಲೆಂದು ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ. ನಲವತ್ತಾರರಲ್ಲಿ ಅತಿ ಚಿಕ್ಕ ದೇಶದ ಪ್ರತಿನಿಧಿ. ಮೊದಲು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದನಂತೆ. ಪಕ್ಕದ ದೇಶದ ಸೈನ್ಯ ಅವರ ನದಿಯ ಊರನ್ನು ಸುತ್ತುವರಿದಿತ್ತು. ಆ ದಿನದ ಕಾರ್ಯಕಲಾಪಗಳ ಪಟ್ಟಿಯಲ್ಲಿ ಮೊದಲನೆಯ ವಿಷಯವೇ ಅದು.

“ಇನ್ನೂ ಎಷ್ಟು ದಿನ ಹಿಡಿಯುತ್ತೆ?” ಎಂದು ಕೇಳಿದ.

“ಮೂರು ದಿನ ಅಂದಿದಾರೆ.”

“ನಮ್ಮೂರಲ್ಲಿ ನೀರು ಮೂರು ದಿನಕ್ಕಿದೆ.” ದೂರಿನ ದನಿಯಿರಲಿಲ್ಲ. ಅಳತೆ ಹೇಳಿದ ಹಾಗಿತ್ತು.

ಏನಾದರೂ ಹೇಳಬೇಕಲ್ಲ ಎಂದು ಬಡಗಿ ಕೇಳಿದ, “ನೀವು ಸಭೆ ಹತ್ರ ಏನು ಕೇಳ್ಬೇಕು ಅಂತಿದೀರಿ? ಸೈನ್ಯನಾ?”

“ಸೈನ್ಯ ಯಾಕೆ? ಇಪ್ಪತ್ತು ಜನ ಸಾಕು. ಬಂದೂಕೂ ಬೇಡ. ನಮ್ಮ ಸೇತುವೆ ಮೇಲೆ ನಿಂತ್ಕೊಂಡು ಎರಡೂ ಕಡೆ ನೋಡ್ತಿರಬೇಕು, ಅಷ್ಟೆ.”

“ನೋಡಿದ್ರೆ ಏನಾಗುತ್ತೆ?”

“ಮೇಷ್ಟ್ರಾಗಿದ್ದವನು ನಾನು. ತರಗತಿ ಬಿಟ್ಟು ಹೋದ್ರೆ ಹುಡುಗರು ಹೊಡೆದಾಡ್ತಾರೆ. ಕಿಟಕೀಲಿ ಸುಮ್ನೆ ನಿಂತಿದ್ರೆ ಹೊಡೆದಾಡಲ್ಲ. ಯಾರೋ ನೋಡ್ತಿದಾರೆ ಅಂದ್ರೆ ಮನುಷ್ಯ ಸ್ವಲ್ಪ ನಾಚ್ಕೋತಾನೆ. ಈ ಸಭೇನ ಕಟ್ಟಿರೋದೇ ಆ ಸ್ವಲ್ಪದ ಮೇಲೆ. ಬೇರೆ ಏನಿದೆ ಇದರ ಹತ್ರ?”

ಬಡಗಿಗೆ ಗೋಡೆಯ ಮೇಲಿನ ಪುಟದಲ್ಲಿ ಇಷ್ಟು ಸ್ಪಷ್ಟವಾಗಿ ಯಾವುದೂ ಕಂಡಿರಲಿಲ್ಲ.

ಸಣ್ಣ ಮನುಷ್ಯ ಸುತ್ತ ನೋಡಿದ. ನಲವತ್ತೈದು ಕುರ್ಚಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಆತ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ. “ಬಿಲ್ಲೆ ಉಜ್ಜೋದು ನನಗೂ ಬರುತ್ತೆ. ಕೊಡಿ. ಇಬ್ರು ಮಾಡಿದ್ರೆ ಅರ್ಧ ದಿನ ಆದ್ರೂ ಉಳಿಯುತ್ತೆ.”

“ಛೆ, ನೀವು ಪ್ರತಿನಿಧಿಗಳು.”

“ಸಭೆ ಇದ್ದಾಗ ತಾನೆ ಪ್ರತಿನಿಧಿ? ಈಗ ಕೈ ಖಾಲಿ ಇರೋನು.”

ಬಡಗಿ ತನ್ನ ಏಪ್ರನ್ ಬಿಚ್ಚಿ ಆತನಿಗೆ ಕೊಟ್ಟ. ಎರಡು ದಿನ ಇಬ್ಬರೂ ಕೂಡಿ ಕೆಲಸ ಮಾಡಿದರು. ಒಬ್ಬ ಕೊಯ್ದ, ಇನ್ನೊಬ್ಬ ಉಜ್ಜಿದ. ಮೇಷ್ಟ್ರಿಗೆ ಅಚ್ಚುಕಟ್ಟು ಜಾಸ್ತಿ, ಉಜ್ಜಿದ ಬಿಲ್ಲೆಗಳನ್ನು ಹತ್ತು ಹತ್ತರ ಗುಂಪು ಮಾಡಿಡುತ್ತಿದ್ದ. ಉಜ್ಜುತ್ತ ಉಜ್ಜುತ್ತ, ಹೆಂಡತಿ ಆ ಊರಿನಲ್ಲೇ ಇದ್ದಾಳೆ, ಶಾಲೆಯ ನೆಲಮಾಳಿಗೆಯಲ್ಲಿ, ಮೂವತ್ತು ಮಕ್ಕಳ ಜೊತೆ ಎಂದು ಹೇಳಿದ. ಅವಳಿಗೆ ಭೂಗೋಳ ಒಂದಿಷ್ಟೂ ತಲೆಗೆ ಹತ್ತುವುದಿಲ್ಲ, ದಿಕ್ಕು ತಪ್ಪದೇ ಮಾರುಕಟ್ಟೆಗೆ ಹೋದದ್ದಿಲ್ಲ ಎಂದು ನಕ್ಕ. ಆಮೇಲೆ ಬಿಲ್ಲೆಯ ಪುಡಿಯನ್ನು ಊದಿ ಕೇಳಿದ, “ಅಲ್ಲ, ಮೊದಲು ಇದನ್ನ ಶುರು ಮಾಡಿದ್ದು ಯಾರು?”

ಬಡಗಿ ಅಂಟಿನ ಪಾತ್ರೆಯನ್ನು ಕಲಕುತ್ತಿದ್ದ. ಕಲಕುವುದು ಆಗಲೇ ಮುಗಿದಿತ್ತು. ಮತ್ತೂ ಕಲಕಿದ.

“ಗೊತ್ತಿಲ್ಲ,” ಎಂದ.

“ಗೊತ್ತಾದ್ರೂ ಏನು ಮಾಡ್ತೀವಿ ಬಿಡಿ,” ಎಂದು ಮೇಷ್ಟ್ರು ಮುಂದಿನ ಬಿಲ್ಲೆ ತೆಗೆದುಕೊಂಡ.

ಸೋಮವಾರ ಬೆಳಿಗ್ಗೆ ಸಭೆ ಸೇರಿತು. ಬಡಗಿ ಅದೇ ಹಿಂಬಾಗಿಲ ಸಂದಿನಲ್ಲಿ ನಿಂತ. ಏರಿದ ಕುರ್ಚಿಗಳ ಮೇಲೆ, ಏರಿದ ಮೇಜುಗಳ ಹಿಂದೆ ಎಲ್ಲರೂ ಮತ್ತೆ ಸಮಾನವಾಗಿ ಕೂತಿದ್ದರು. ಮೇಷ್ಟ್ರ ತಲೆ ಮಾತ್ರ ಮೇಜಿನ ಮೇಲೆ ಯಾರೋ ಇಟ್ಟು ಮರೆತುಹೋದ ಹೂಜಿಯ ಹಾಗೆ ಕಾಣುತ್ತಿತ್ತು. ಬಡಗಿ ನಿಂತಲ್ಲೇ ಲೆಕ್ಕ ಹಾಕಿದ. ಅರ್ಜಿ ಬಂದದ್ದು ನಲವತ್ತೈದು, ಬಿಲ್ಲೆ ಹಾಕಿದ್ದು ನಲವತ್ತೈದಕ್ಕೆ. ಎರಡು ದಿನ ಪಕ್ಕದಲ್ಲೇ ಕೂತು ಬೇರೆಯವರ ಬಿಲ್ಲೆ ಉಜ್ಜಿದ ಮನುಷ್ಯ ತನಗೆಂದು ಅರ್ಜಿ ಹಾಕಿರಲಿಲ್ಲ. ಆತನ ಕುರ್ಚಿ ಕೋಣೆಗೆ ಬಂದೇ ಇರಲಿಲ್ಲ. ಅದು ಹದಿನೆಂಟರಲ್ಲೇ ಇತ್ತು.

ಸಭಾಪತಿ ಮೊದಲ ವಿಷಯ ಕೂಗಿದರು. ಮೇಜಿನಂಚಿಗೆ ಗದ್ದ ತಾಗಿಸಿಕೊಂಡಿದ್ದ ಆತನನ್ನು ನೋಡಿ ಗಿಡ್ಡ ಪ್ರತಿನಿಧಿ ಫಕ್ಕನೆ ನಕ್ಕ. ತನಗಿಂತ ಕೆಳಗೆ ಒಬ್ಬ ಸಿಕ್ಕಿದ ಖುಷಿ ಇರಬೇಕು. ನಗು ಪಕ್ಕದವನಿಗೆ ಹತ್ತಿತು, ಅಲ್ಲಿಂದ ಸಾಲುಸಾಲಿಗೆ ಹರಿಯಿತು. ಯಾರಿಗೂ ಕೆಡುಕಿನ ಮನಸ್ಸಿರಲಿಲ್ಲ. ಮೂರು ದಿನದ ಬೇಸರ ಕಳೆಯಿತು, ಅಷ್ಟೆ. ಮೇಷ್ಟ್ರು ನಗು ನಿಲ್ಲುವ ತನಕ ಕಾದ, ತರಗತಿಯಲ್ಲಿ ಕಾಯುತ್ತಿದ್ದ ಹಾಗೆ. ಆಮೇಲೆ ಎದ್ದು ನಿಂತು ಇಪ್ಪತ್ತು ಜನರನ್ನು ಕೇಳಿದ. ಎಲ್ಲ ದೇಶಗಳೂ ಕೈ ಎತ್ತಿದವು. ಒಂದೂ ವಿರೋಧವಿಲ್ಲ. ಶುರುವಿನಿಂದ ಕೊನೆಯವರೆಗೆ ಹನ್ನೊಂದು ನಿಮಿಷ. ಬಾಗಿಲ ಮೇಲಿನ ಗಡಿಯಾರವನ್ನು ಬಡಗಿ ನೋಡುತ್ತಿದ್ದ.

ಊಟದ ಹೊತ್ತಿಗೆ ತಂತಿ ಬಂತು. ಸೇತುವೆ ಭಾನುವಾರವೇ ಬಿದ್ದಿತ್ತು. ಊರೂ ಭಾನುವಾರವೇ ಬಿದ್ದಿತ್ತು.

ಮೇಷ್ಟ್ರು ಮೆಟ್ಟಿಲ ಕೆಳಗಿನ ಕೋಣೆಗೆ ಇನ್ನೊಂದು ಸಲ ಬಂದ. ಕೋಟು ಹಾಕಿಕೊಂಡಿದ್ದ, ಕೈಯಲ್ಲಿ ಏಪ್ರನ್ ಇತ್ತು, ನಾಲ್ಕು ಮಡಿಕೆ ಮಾಡಿ. “ನಿನ್ನೆ ಗೊತ್ತಾಗ್ದೆ ಹಾಕ್ಕೊಂಡೇ ಹೋಗ್ಬಿಟ್ಟಿದ್ದೆ,” ಎಂದ. ಬೆಂಚಿನ ಮೇಲಿಟ್ಟ. ಇನ್ನೇನೋ ಹೇಳುವವನ ಹಾಗೆ ಒಂದು ಗಳಿಗೆ ನಿಂತ. ಬಡಗಿಯೂ ಇನ್ನೇನೋ ಹೇಳುವವನ ಹಾಗೆ ನಿಂತ. ಒಬ್ಬನಿಗೆ ಮಾತಿರಲಿಲ್ಲ. ಇನ್ನೊಬ್ಬನಿಗೆ ಮಾತು ಇತ್ತು.

ಆತ ಹೋದ ಮೇಲೆ ಬಡಗಿ ಫಲಕದ ನಾಲ್ಕು ಮೊಳೆ ಕಿತ್ತ. ಮನೆಗೆ ಹೋಗಿ ಹೆಂಡತಿಗೆ ಮೊದಲಿನಿಂದ ಹೇಳಿದ, ಟೋಪಿ ತೆಗೆದದ್ದರಿಂದ ಹಿಡಿದು ‘ಗೊತ್ತಿಲ್ಲ’ದವರೆಗೆ. ಬೈಯುತ್ತಾಳೆ ಎಂದುಕೊಂಡಿದ್ದ. ಏಳು ವರ್ಷದಲ್ಲಿ ಒಂದು ದಿನವೂ ಬೈಗುಳಕ್ಕೆ ಬರ ಬರದಿದ್ದ ಮನೆ. ಅವಳು ಎದ್ದು ಹೋಗಿ ಉಳಿಗಳ ಡಬ್ಬಿ ತೆಗೆದು, ಮೈದುನನ ಕಾಗದವನ್ನು ಹೊರಕ್ಕೆ ತೆಗೆದು, ತನ್ನ ಸೀರೆಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ಗಂಡನಿಗೆ ಸದ್ಯಕ್ಕಿಲ್ಲ ಎಂಬ ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎಷ್ಟೋ ಜನ ಸಮಾಧಾನ ಹೇಳುವ ದನಿಯಲ್ಲಿ, ಆ ಊರು ಹೇಗೂ ಬೀಳುತ್ತಿತ್ತು ಬಿಡಿ, ಇಪ್ಪತ್ತು ಜನ ನಿಂತಿದ್ದರೆ ತಾನೇ ಏನಾಗುತ್ತಿತ್ತು ಎಂದು ಲೋಕಾಭಿರಾಮವಾಗಿ ಮಾತಾಡಿದ್ದನ್ನು ಆತ ಕೇಳಿದ್ದಾನೆ. ಆಗುತ್ತಿತ್ತೋ ಇಲ್ಲವೋ ಆತನಿಗೂ ಗೊತ್ತಿರಲಿಲ್ಲ. ಆತನಿಗೆ ಗೊತ್ತಿದ್ದದ್ದು ಹನ್ನೊಂದು ನಿಮಿಷ ಮಾತ್ರ.

ಎರಡು ವರ್ಷದ ನಂತರ ಲೋಕಶಾಂತಿ ಸಭೆ ಬೇರೊಂದು ನಗರದಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ಕುರ್ಚಿಗಳನ್ನು ನೆಲಕ್ಕೇ ಬೋಲ್ಟು ಹಾಕಿ ಬಿಗಿದಿದ್ದಾರಂತೆ. ಆ ಸುದ್ದಿ ಓದಿದ ದಿನ ಬಡಗಿ ಸ್ವಲ್ಪ ಹೆಚ್ಚು ಊಟ ಮಾಡಿದ. ಹಳೆಯ ಕುರ್ಚಿಗಳನ್ನು ಕೇಳಿದವರಿಗೆಲ್ಲ ಹಂಚಿದರು. ಕ್ಷೌರದವನು ಎರಡು ಒಯ್ದ, ಆಸ್ಪತ್ರೆ ಆರು ಒಯ್ದಿತು, ಯಾರು ಎಷ್ಟು ಒಯ್ದರೆಂದು ಯಾರೂ ಬರೆದಿಡಲಿಲ್ಲ. ಅಂದಿನಿಂದ ಶುರುವಾಯಿತು ಆತನ ಹುಡುಕಾಟ. ಕುರ್ಚಿ ಎತ್ತುವುದು, ಅಡಿಯ ಕಪ್ಪು ಅಕ್ಷರ ನೋಡುವುದು, ತನ್ನದಾದರೆ ಜೇಬಿನಿಂದ ಸಣ್ಣ ಉಳಿ ತೆಗೆದು ಬಿಲ್ಲೆಗಳನ್ನು ಎಬ್ಬಿಸುವುದು, ರಸಮಟ್ಟ ಇಟ್ಟು ಗುಳ್ಳೆ ನಡುವೆ ಬಂತೇ ನೋಡುವುದು, ಹದಿನೆಂಟಕ್ಕೆ ಇಳಿಸಿ ‘ಹೂಂ’ ಎನ್ನುವುದು. ಜನಕ್ಕೆ ಅದು ಹುಚ್ಚಾಗಿ ಕಂಡಿತು. ಹುಚ್ಚಿಗೆ ಒಂದು ಹೆಸರು ಬೇಕಲ್ಲ, ರಸಮಟ್ಟ ಎಂದರು. ಮುಂದೆ ವಯಸ್ಸಾದ ಮೇಲೆ ಅಜ್ಜ ಸೇರಿಕೊಂಡಿತು.

ಸಣ್ಣ ದೇಶದ ಕುರ್ಚಿ ಮೊದಲೇ ಆತನ ಮನೆಗೆ ಬಂದಿತ್ತು. ಅದನ್ನು ಪೂಜೆಗೇನೂ ಇಡಲಿಲ್ಲ. ತರಕಾರಿ ಹೆಚ್ಚಲು ಎತ್ತರ ಸರಿಯಾಗಿದೆ ಎಂದು ಹೆಂಡತಿ ಅದರ ಮೇಲೇ ಕೂರುತ್ತಿದ್ದಳು. ಉಳಿದ ನಲವತ್ತೈದರಲ್ಲಿ ನಲವತ್ತನಾಲ್ಕು ಒಂದೊಂದಾಗಿ ಸಿಕ್ಕವು. ಒಂದು ಸಿಕ್ಕಲಿಲ್ಲ. ಕಪ್ಪು ಮರದ ಬಿಲ್ಲೆಗಳ ಮೊದಲನೆಯ ಕುರ್ಚಿ. ಸಂಜೆ ಆತ ಚಪ್ಪಲಿ ಬಿಡುವಾಗ ಒಳಗಿನಿಂದ ಅವಳ ದನಿ ಬರುತ್ತಿತ್ತು.

“ಸಿಕ್ತಾ?”

“ಇಲ್ಲ.”

“ಸುಟ್ಟುಗಿಟ್ಟು ಹಾಕಿರ್ತಾರೆ ಬಿಡಿ.”

“ಆ ಮರ ಅಷ್ಟು ಸುಲಭಕ್ಕೆ ಉರಿಯಲ್ಲ.”

ಐವತ್ತನೆಯ ವರ್ಷಕ್ಕೆ ಊರಿನಲ್ಲಿ ಸ್ಮರಣ ಸಮಿತಿ ಹುಟ್ಟಿತು. ಅಧ್ಯಕ್ಷರು ನಗರಸಭೆಯ ಮಾಜಿ ಉಪಾಧ್ಯಕ್ಷರು. ಎಲ್ಲ ಸಮಿತಿಗಳಿಗೂ ಅವರೇ ಅಧ್ಯಕ್ಷರು, ಕೆಲವಕ್ಕೆ ಅವರೊಬ್ಬರೇ ಸದಸ್ಯರು. ಸಮಾನ ಕುರ್ಚಿಗಳನ್ನು ಮಾಡಿದ ಶಿಲ್ಪಿ ಇನ್ನೂ ಬದುಕಿದ್ದಾರೆ ಎಂದು ಯಾರೋ ಕಂಡುಹಿಡಿದರು. ಸನ್ಮಾನ ಮಾಡುವುದೆಂದಾಯಿತು. ಮೊದಲು ಸಂದರ್ಶನ. ಸ್ಮರಣ ಸಂಚಿಕೆಯ ನಾಲ್ಕು ಪುಟ ತುಂಬಿಸಲು ಒಪ್ಪಿಕೊಂಡಿದ್ದ ಇದನ್ನು ಬರೆಯುವವನೂ ಮೂಲೆಯಲ್ಲಿ ಕಾಗದ ಹಿಡಿದು ಕೂತಿದ್ದ.

ಹೊರಡುವ ಮುನ್ನ ಅಜ್ಜ ಹೆಂಡತಿಯನ್ನು ಕೇಳಿದನಂತೆ, “ಹೇಳ್ಲಾ?”

“ಪದಕ ಹಾಕಿಸ್ಕೊಂಡು ಸುಮ್ನೆ ಬರ್ಬೋದು. ಬಾಗಿಲಿಗೆ ಹೊಡೆಯೋಕೆ ಆಗುತ್ತೆ,” ಎಂದಳಂತೆ.

ಅಧ್ಯಕ್ಷರ ಕೋಣೆಯಲ್ಲಿ ಅಜ್ಜ ತನಗೆ ಕೊಟ್ಟ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ, ಕೂತು, ಹೇಳಿದ. ಎಲ್ಲವನ್ನೂ ಹೇಳಿದ. ಎಪ್ಪತ್ತೆಂಟು ವರ್ಷದ ಮನುಷ್ಯ ಶಾಲೆಯ ಹುಡುಗನ ಹಾಗೆ ಮಂಡಿಗಳ ಮೇಲೆ ಕೈಯಿಟ್ಟು, ನೆಲ ನೋಡುತ್ತ, ‘ಗೊತ್ತಿಲ್ಲ ಅಂದೆ, ಗೊತ್ತಿತ್ತು’ ಎಂದ. ಹೇಳಿ ಮುಗಿಸಿದಾಗ ಆತನ ಕಿವಿಗಳು ಕೆಂಪಾಗಿದ್ದವು.

“ಎಷ್ಟು ಸ್ವಾರಸ್ಯವಾಗಿದೆ ನೋಡಿ,” ಎಂದರು ಅಧ್ಯಕ್ಷರು.

“ಆ ಬಿಲ್ಲೆ ಒಂದು ಕೊಟ್ರೆ ಪ್ರದರ್ಶನಕ್ಕೆ ಇಡ್ಬೋದು,” ಎಂದ ಖಜಾಂಚಿ. “ಗಾಜಿನ ಪೆಟ್ಟಿಗೇಲಿ.”

“ಇಡೋಣ. ಆ ಮೇಷ್ಟ್ರ ಭಾಗ ಮಾತ್ರ ಸ್ವಲ್ಪ ಮೊಟಕು ಮಾಡಿ,” ಎಂದು ಅಧ್ಯಕ್ಷರು ಮೂಲೆಯ ಕಡೆ ತಿರುಗಿ ಹೇಳಿದರು. “ಸಂತೋಷದ ಸಂದರ್ಭ. ‘ಸಣ್ಣಪುಟ್ಟ ತಾಂತ್ರಿಕ ತೊಡಕುಗಳ ನಡುವೆಯೂ’ ಅಂತ ಹಾಕಿದ್ರೆ ಸಾಕು.”

ಮೂಲೆಯಲ್ಲಿದ್ದವನು ಅದನ್ನು ಬರೆದುಕೊಂಡ. ಬರೆದುಕೊಂಡದ್ದನ್ನು ಈಗ ಒಪ್ಪಿಕೊಳ್ಳಲೇಬೇಕಾಗಿದೆ. ಸಂಚಿಕೆಯ ಹದಿಮೂರನೆಯ ಪುಟದಲ್ಲಿ ಆ ವಾಕ್ಯ ಹಾಗೆಯೇ ಇದೆ, ಬರೆದವನ ಹೆಸರಿನ ಸಮೇತ. ಆ ನಾಲ್ಕು ಪುಟದಲ್ಲಿ ಬಿಟ್ಟದ್ದು ಇಲ್ಲಿದೆ.

ಅಜ್ಜ ಇಬ್ಬರನ್ನೂ ಒಂದು ಸಲ ನೋಡಿದ. ಆಮೇಲೆ ಆತನ ಕಣ್ಣು ಮೇಜಿನ ಕೆಳಗೆ ಇಳಿಯಿತು. ಅಧ್ಯಕ್ಷರು ಕೂತಿದ್ದ ಕುರ್ಚಿ ಹಳೆಯದು. ಮೇಲೆ ಮೆತ್ತೆ ಹಾಕಿಸಿ, ಸುತ್ತ ಕೆಂಪು ಬಟ್ಟೆಯ ಝಾಲರಿ ಇಳಿಬಿಟ್ಟಿದ್ದರು, ಕಾಲುಗಳು ಕಾಣದ ಹಾಗೆ. ಆದರೆ ಅಧ್ಯಕ್ಷರ ಹಿಮ್ಮಡಿಗಳು ಕಾಣುತ್ತಿದ್ದವು. ನೆಲಕ್ಕೂ ಅವಕ್ಕೂ ನಡುವೆ ಎರಡು ಇಂಚಿನಷ್ಟು ಬೆಳಕಿತ್ತು. ಅಜ್ಜನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

ಅಧ್ಯಕ್ಷರು ಹಿಂದಕ್ಕೆ ಒರಗಿ, ಬೆರಳುಗಳನ್ನು ಹೆಣೆದು, ಸಂದರ್ಶನಕ್ಕೆ ತಕ್ಕ ದನಿ ತೆಗೆದರು. “ಕೊನೆಯ ಪ್ರಶ್ನೆ ಅಜ್ಜ. ತಾವು ಇಷ್ಟೆಲ್ಲ ಕಂಡವರು. ಜಗತ್ತಿನಲ್ಲಿ ಶಾಶ್ವತವಾದ ಶಾಂತಿ ನೆಲೆಸಬೇಕಾದರೆ ನಾವೆಲ್ಲ ಏನು ಮಾಡಬೇಕು? ಒಂದೇ ಮಾತಿನಲ್ಲಿ ಹೇಳಿಬಿಡಿ.”

“ನೀವು ಮೇಲೆ ಏಳಿ,” ಎಂದ ಅಜ್ಜ. “ಆ ಕುರ್ಚಿ ನೋಡ್ಬೇಕು.”